ದ್ವಾದಶಿಯ ಎಲೆ

ಸತ್ತವರ ತಿಥಿಯಂದು ಬ್ರಾಹ್ಮಣಾರ್ಥಕ್ಕೆ ಕೂತು ಉಣ್ಣುವುದೇ ವಿಷ್ಣುತೀರ್ಥಾಚಾರ್ಯರ ಜೀವನೋಪಾಯ. ಅದಕ್ಕೆ ಬರಿಹೊಟ್ಟೆಯಲ್ಲಿ ಹೋಗಬೇಕು. ಉಂಡ ದಿನ ರಾತ್ರಿ ಮತ್ತೆ ಉಣ್ಣಬಾರದು.

ಕೊರೊನಾ ಬಂದ ಮೇಲೆ ಚೆನ್ನೈಯಲ್ಲಿ ಸಾವಿಗೇನೂ ಬರವಿರಲಿಲ್ಲ, ಹೊರಗಿನವರನ್ನು ಮನೆಯೊಳಗೆ ಕರೆಯುವವರಿಗೆ ಬರ. ಆದರೂ ಗಂಡನಿಗೆ ಹೇಗೋ ಕರೆ ಬರುತ್ತಿದೆಯೆಂದು ರುಕ್ಮಾಬಾಯಿ ನಂಬಿದ್ದರು. ಬೆಳಿಗ್ಗೆ ಹೋದವರು ಸಂಜೆ ಬಂದು, “ಶ್ರಾದ್ಧದ ಊಟ ಆಗಿದೆ, ರಾತ್ರಿ ನಂಗೆ ಬೇಡ. ದಕ್ಷಿಣೆ ಆಮೇಲೆ ಕೊಡ್ತಾರಂತೆ” ಎನ್ನುತ್ತಿದ್ದರು. ರೇಷನ್ ಅಕ್ಕಿ ಆಕೆಗೂ ಮಕ್ಕಳಿಗೂ ಸಾಕಾಗುತ್ತಿತ್ತು.

ಒಂದು ಸಂಜೆ ಹಾಗೇ ಬಂದು ಕೈಕಾಲು ತೊಳೆಯುತ್ತ, “ಪೋರೂರಲ್ಲಿ ಶ್ರಾದ್ಧ ಇತ್ತು, ನಂಗೇನೂ ಬೇಡ” ಎಂದರು.

ಅಂದು ಏಕಾದಶಿ. ಆ ದಿನ ಶ್ರಾದ್ಧ ಮಾಡುವಂತಿಲ್ಲವೆಂದು ಬೀದಿಗೆಲ್ಲ ಹೇಳಿಕೊಂಡು ಬಂದ ಮನುಷ್ಯನೇ ಇವರು. ಹಸಿವು ತಿಥಿಯನ್ನೂ ಮರೆಸಿತ್ತು.

ರುಕ್ಮಾಬಾಯಿ ಟವೆಲ್ ಕೊಟ್ಟು ಒಳಗೆ ಹೋದರು.

ಮರುದಿನ ದ್ವಾದಶಿ. ಆಚಾರ್ಯರು ಹೊರಡುವ ಮೊದಲೇ ರುಕ್ಮಾಬಾಯಿ ಎಲೆ ಹಾಕಿ, ಬಿಸಿ ಅನ್ನ ಬಡಿಸಿ, “ಊಟ ಮಾಡ್ಕೊಂಡೇ ಹೋಗಿ” ಎಂದರು.

ಉಂಡ ಹೊಟ್ಟೆಯಲ್ಲಿ ಯಾವ ಶ್ರಾದ್ಧಕ್ಕೂ ಕೂರುವಂತಿಲ್ಲ. ಆಚಾರ್ಯರು ಎಲೆಯನ್ನೊಮ್ಮೆ ನೋಡಿದರು. ಆಮೇಲೆ ಕೂತರು.