ಹೊಸ ಮೆಮರಿ, ಮೂರು ಕೂಗು

ಕಂಪ್ಯೂಟರಿನ ಫ್ಯಾನು ತಿರುಗುತ್ತದೆ, ಡಬ್ಬಿ ಮೂರು ಸಲ ಬೀಪ್ ಎಂದು ಕೂಗುತ್ತದೆ, ಆಮೇಲೆ ಏನೂ ಇಲ್ಲ — ಪರದೆ ಕಪ್ಪು, ಆ ಕಪ್ಪಿನಲ್ಲಿ ನನ್ನ ಮುಖ, ಹೆಗಲ ಹಿಂದೆ ನನ್ನ ಹೆಂಡತಿ ಸುವರ್ಣಾ, ಅವಳು ಏನೂ ಅನ್ನುತ್ತಿಲ್ಲ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಅವಳು ಸುಮ್ಮನಿರುವುದರಲ್ಲಿ ಎಷ್ಟು ಬಗೆ ಎಂದು ನಾನಿನ್ನೂ ಕಲಿಯುತ್ತಿದ್ದೇನೆ, ತವರು ನೆನಪಾದಾಗಿನ ಮೌನ ಬೇರೆ, ನನ್ನ ಮಾತಿಗೆ ಒಳಗೇ ನಗುವ ಮೌನ ಬೇರೆ, ಇದು ಯಾವುದು, ಸಿಟ್ಟೇ, ಅಲ್ಲ, ಸಿಟ್ಟಿದ್ದರೆ ಬಳೆ ಸದ್ದು ಮಾಡುತ್ತವೆ. ಈ ಕಂಪ್ಯೂಟರ್ ಅವಳದು, ಹುಕ್ಕೇರಿಯಿಂದ ಈ ತುಕ್ಕಾನಟ್ಟಿಗೆ ಹಾಸಿಗೆಯ ನಡುವೆ ಸುತ್ತಿಕೊಂಡು ತಂದದ್ದು, ಇದರಲ್ಲಿ ಫೋಟೊ ಜೋಡಿಸಿ ಮಾಡುತ್ತಿರುವ ಅರಭಾವಿಯವರ ಮದುವೆ ಆಲ್ಬಮ್ ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ, ಸಂಜೆಯ ಬಸ್ಸಿಗೆ ಅದು ಗೋಕಾಕಿಗೆ ಪ್ರಿಂಟಿಗೆ ಹೋಗದಿದ್ದರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಹಳೆಯ ಮೆಮರಿ ಪಟ್ಟಿಯೊಂದನ್ನೇ ಇಟ್ಟು ಆಲ್ಬಮ್ ತೆರೆದರೆ ಮದುಮಗಳ ಮುಖ ಅರ್ಧ ಬಂದು ನಿಂತುಬಿಡುತ್ತದೆ, ಅದಕ್ಕೇ ಈ ಹೊಸದು, ಅಂಗಡಿಯ ಪ್ರಭು ತಾನೇ ಬಂದು ಹಾಕಿಕೊಡುತ್ತೇನೆಂದಿದ್ದ, ಬ್ಯಾಡ, ನಾ ಹಾಕ್ತೇನಿ ಎಂದವನು ನಾನು, ಅವಳ ಮುಂದೆ.

ಹೊಸದನ್ನು ತೆಗೆದೆ, ಹಳೆಯದೊಂದೇ ಇಟ್ಟೆ, ಕಂಪ್ಯೂಟರ್ ಜಾಣನ ಹಾಗೆ ಎದ್ದು ಕೂತಿತು, ಮತ್ತೆ ಹೊಸದು, ಮತ್ತೆ ಮೂರು ಕೂಗು — ಫೋನಿನಲ್ಲಿ ಪ್ರಭು, ಗಟ್ಟಿಯಾಗಿ ಒತ್ರಿ ಸರ, ಅದೇನ್ ಹಸಿ ಕೂಸಲ್ಲ, ಎರಡೂ ಬಾಜೂ ಟಕ್ ಅನ್ಬೇಕು, ಟಕ್ ಅಂತು, ಎರಡೂ ಬದಿ, ಆದರೂ ಕೂಗು, ಹೊರಗೆ ಕಟ್ಟೆಯ ಮೇಲೆ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಅವ್ವ, ಯಾಕೋ ಮಾಲಿಂಗ, ಇನ್ನೂ ಎದ್ದಿಲ್ಲೇನು ಅದು, ಮೇವು ಬಿಟ್ಟು ಮಲಗಿದ ಕುರಿಯನ್ನು ಕೇಳುವ ಹಾಗೆ, ಏಳ್ತೈತಿ ಬೇ ಅಂದೆ, ಅವ್ವನಿಗೆ ಅನುಮಾನವೇ ಇಲ್ಲ, ಅದು ಏಳಲೇಬೇಕು, ಯಾಕೆ ಅಷ್ಟು ನಂಬಿಕೆಯೋ — ತುದಿಗಳನ್ನು ರಬ್ಬರಿನಿಂದ ತಿಕ್ಕಿ ನೋಡೋಣವೆಂದು ಅದನ್ನು ತೆಗೆದು ಅಂಗೈ ಮೇಲೆ ಬೋರಲು ಮಲಗಿಸುತ್ತೇನೆ, ಇಷ್ಟು ಹೊತ್ತು ಚೀಟಿ ಅಂಟಿಸಿದ ಮುಖವನ್ನಷ್ಟೇ ನೋಡುತ್ತಿದ್ದೆ, ಬೆನ್ನು ನೋಡಿರಲಿಲ್ಲ — ಹಸಿರು ಬೆನ್ನಿನ ಮೇಲೆ ಹಳದಿ ಹೆಬ್ಬೆರಳು.

ಭಂಡಾರ. ದೇವರ ಅರಿಶಿಣ. ನಮ್ಮ ಮನೆಗೆ ಹೊಸದಾಗಿ ಏನು ಬಂದರೂ ಅವ್ವ ಮೊದಲು ಭಂಡಾರ ಹಚ್ಚಬೇಕು, ಕುಡುಗೋಲಿಗೆ, ಮಿಕ್ಸರಿಗೆ, ಆಗ ತಾನೇ ಹುಟ್ಟಿದ ಮರಿಯ ಹಣೆಗೆ, ನನ್ನ ಎಂಎ ಸರ್ಟಿಫಿಕೇಟಿನ ಮೂಲೆಗೂ. ಎಣ್ಣೆಗೈಯಲ್ಲೇ ಬಂದಿರಬೇಕು, ಎಣ್ಣೆಯೂ ಭಂಡಾರವೂ ಕಲೆತು ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳವರೆಗೆ ಜಾರಿದೆ, ಹಳದಿಯ ಮೇಲೆ ಹಳದಿ, ಹೇಗೆ ಕಾಣಬೇಕು. ತಿರುಗಿ ನೋಡಿದೆ, ಸುವರ್ಣಾ ನೆಲ ನೋಡುತ್ತಿದ್ದಳು, ನಿನಗ ಗೊತ್ತಿತ್ತೇನು ಎಂದೆ, ಮೆಲ್ಲಗೆ. ಹಚ್ಚೂದು ನೋಡಿದ್ನಿರಿ, ಹಿಂಗಾಕ್ಕೈತಿ ಅಂತ ಗೊತ್ತಿರಲಿಲ್ಲ ಎಂದಳು. ಮತ್ತ ಈಗರೆ ಹೇಳಬಾರದೇನು ಎಂದೆ. ಬಾಗಿಲ ಕಡೆ ನೋಡಿ ದನಿ ಇನ್ನೂ ಇಳಿಸಿದಳು — ಅತ್ತಿ ಕೇಳಿಸ್ಕೊಂಡ್ರ, ನನ್ನ ಸೊಸಿ ಸಾಮಾನು ನಾನ ಕೆಡಿಸಿದ್ನಿ ಅಂತ ನೊಂದ್ಕೊಂಡು ಕುಂದರ್ತಾರರಿ, ನನ್ನ ಕೆಲಸಕ್ಕಂತ ಅವರು ದೇವರಿಗೆ ಬೇಡ್ಕೊಂಡು ಹಚ್ಚಿದ್ದು. ಓಹೋ, ಇದು ಆ ಮೌನ, ಈ ಬಗೆ ನನಗೆ ತಿಳಿದಿರಲಿಲ್ಲ, ಸಂಜೆಯ ಬಸ್ಸು ತಪ್ಪಿದರೂ ಸರಿ ಎಂದು ಹಲ್ಲು ಕಚ್ಚಿ ನಿಂತ ಮೌನ.

ರಬ್ಬರ್ ತಂದವಳು ಅವಳೇ, ಹಲ್ಲುಗಳನ್ನು ಒಂದೊಂದಾಗಿ ತಿಕ್ಕುತ್ತೇನೆ, ರಬ್ಬರು ಹಳದಿಯಾಗುತ್ತದೆ, ಬಟ್ಟೆಯಲ್ಲಿ ಒರೆಸುತ್ತೇನೆ, ಕೈ ಮೇಲಕ್ಕೆ, ಆ ಹೆಬ್ಬೆರಳ ಕಡೆಗೆ ಹೊರಟಾಗ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು, ಕೆಳಗಿಂದಷ್ಟ ತಿಕ್ಕರಿ, ಮ್ಯಾಲಿಂದು ಇರ್ಲಿ. ಮತ್ತೆ ಕೂರಿಸಿ ಒತ್ತಿದೆ, ಟಕ್, ಟಕ್, ಗುಂಡಿ ಅದುಮಿದೆ, ಒಂದೇ ಒಂದು ಸಣ್ಣ ಸದ್ದು, ಬೆಳಕು, ಆಲ್ಬಮ್ ತೆರೆಯುತ್ತದೆ, ಮದುಮಗಳು ಪೂರ್ತಿ ಬರುತ್ತಾಳೆ, ಹಣೆ, ಮೂಗುತಿ, ಗಲ್ಲ, ಸುವರ್ಣಾ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂರುತ್ತಾಳೆ, ಹೊರಗಿನಿಂದ ಅವ್ವ, ಎದ್ದಿತೇನೋ, ಎದ್ದಿತ್ರಿ ಅತ್ತಿ ಎಂದು ಇವಳೇ ಕೂಗುತ್ತಾಳೆ, ನಾನು ಕಂಪ್ಯೂಟರ್ ಡಬ್ಬಿಯ ಬಾಗಿಲು ಮುಚ್ಚಿ ತಿರುಪು ಬಿಗಿಯುತ್ತೇನೆ, ಇನ್ನು ಅದು ಯಾರಿಗೂ ಕಾಣುವುದಿಲ್ಲ, ಬಸ್ಸು ಸಿಗುತ್ತದೆ, ಚಹಾ ಇಡಬೇಕು, ಇಡುತ್ತೇನೆ, ಆದರೆ ಕಣ್ಣು ಮುಚ್ಚಿದರೂ ತೆರೆದರೂ ಒಳಗೆ, ಆ ಕತ್ತಲಲ್ಲಿ, ಗೆರೆ ಗೆರೆಯಾಗಿ ಒತ್ತಿದ ಅವ್ವನ ಹೆಬ್ಬೆರಳು, ಹಳದಿ —