ಶುಕ್ರವಾರದ ತುಕ್ಕು

ರಾಯದುರ್ಗದ ಗಾರ್ಮೆಂಟ್ಸಿನಲ್ಲಿ ಜೀನ್ಸ್ ಬಟ್ಟೆ ಕತ್ತರಿಸುವಾಗ ಸರಿಯದಂತೆ ಮಂಜಮ್ಮ ಅದರ ಮೇಲೆ ಭಾರಕ್ಕೆ ಒಂದು ಕರಿಗುಂಡು ಇಡುತ್ತಿದ್ದಳು. ಶುಕ್ರವಾರ ತಪ್ಪದೆ ತೊಳೆದು ಪೂಜಿಸುತ್ತಿದ್ದಳು. ಅದರ ತುಕ್ಕು ಬಟ್ಟೆಗೆ ಹತ್ತಿತು.

"ಅದಿರಿನ ಲಾರಿಯಿಂದ ಬಿದ್ದದ್ದು, ಹೊರಗ ಒಗೀರಿ," ಎಂದ ಮೇಸ್ತ್ರಿ ಯರ್ರಿಸ್ವಾಮಿ.

"ನಮ್ಮಪ್ಪ ಕುರಿ ಕಾಯುವಾಗ ಸಿಕ್ಕಿದ್ದು ರೀ, ಒಗೆಯಂಗಿಲ್ಲ!"

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ಮಂಜಮ್ಮನ ಮಗಳು ಗಂಗೋತ್ರಿ ಅಲ್ಲಿಗೇ ಬಂದು ಗುಂಡಿನ ಒಂದು ಬದಿಯನ್ನು ನುಣ್ಣಗೆ ಉಜ್ಜಿ, ಅಕ್ಕಸಾಲಿಗನ ಬಳಿಯಿಂದ ತಂದ ಆಮ್ಲ ಹಚ್ಚಿದಳು. ನಿಕಲ್ ಲೋಹ ಕಡಿಮೆಯಿದ್ದ ಕಡೆ ಕಬ್ಬಿಣ ಸವೆದು, ಹೆಚ್ಚಿದ್ದ ಕಡೆ ಹೊಳೆಯುವ ಗೆರೆಗಳು ಒಂದರ ಮೇಲೊಂದು ಹಾಯ್ದು ಎದ್ದವು.

"ಅವ್ವಾ, ಇದು ಉಲ್ಕೆ! ಆಕಾಶದಿಂದ ಬಿದ್ದದ್ದು. ಇಂಥಾ ಗೆರಿ ಭೂಮಿ ಮ್ಯಾಲಿನ ಕಬ್ಬಿಣದಾಗ ಬರಂಗಿಲ್ಲ. ನೀನೇ ನೀರು ಹಾಕಿ ತುಕ್ಕು ಹಿಡಿಸೀದಿ."

ಯರ್ರಿಸ್ವಾಮಿ ಬಗ್ಗಿ ನೋಡಿದ. "ಜೀನ್ಸಿನ ನೇಯ್ಗಿ ಇದ್ದಂಗೈತಲ್ರಿ!"

"ಮ್ಯಾಲಿನವರೂ ಜೀನ್ಸ್ ತೊಡ್ತಾರೇನೋ, ಕೇಳಿ ಆರ್ಡರ್ ತರ್ರಿ," ಮಂಜಮ್ಮ ನಕ್ಕಳು.

ಮುಂದಿನ ಶುಕ್ರವಾರ ಗುಂಡಿಗೆ ಹೂವಷ್ಟೇ ಸಿಕ್ಕಿತು, ಒಣ ಬಟ್ಟೆಯ ಮೇಲೆ.