ಎಂಟು ಅಡಿ ಮುಂದೆ

ಆಫೀಸಿನಲ್ಲಿ ಅವನನ್ನು ಧೂಳಪ್ಪ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷದಿಂದ ಧೂಳು ಅಳೆಯುವುದೇ ಅವನ ಕೆಲಸ. ಹೊಸ ರಸ್ತೆಯೋ ಕಾರ್ಖಾನೆಯೋ ಬರುವ ಮೊದಲು ಅಲ್ಲಿನ ಗಾಳಿ ಈಗ ಹೇಗಿದೆ ಎಂದು ಸರ್ಕಾರಕ್ಕೆ ವರದಿ ಕೊಡಬೇಕು. ಅಂಥ ವರದಿ ಮಾಡಿಕೊಡುವ ಸಂಸ್ಥೆಯಲ್ಲಿ ಅವನು ತಂತ್ರಜ್ಞ. ಸೊಂಟದೆತ್ತರದ ತಗಡಿನ ಯಂತ್ರವೊಂದನ್ನು ಯಾರದಾದರೂ ತಾರಸಿಯ ಮೇಲಿಟ್ಟು, ಮೊದಲೇ ತೂಗಿದ ಬಿಳಿ ಹಾಳೆಯನ್ನು ಅದರ ತಲೆಯೊಳಗೆ ಕೂರಿಸಿ, ಸ್ವಿಚ್ ಹಾಕಬೇಕು. ಇಪ್ಪತ್ನಾಲ್ಕು ಗಂಟೆ ಅದು ಗಾಳಿ ಎಳೆಯುತ್ತದೆ, ಹಾಳೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ತಂದು ಮತ್ತೆ ತೂಗಿದಾಗ ಎಷ್ಟು ಹೆಚ್ಚಾಗಿದೆಯೋ ಅಷ್ಟು ಧೂಳು. ಸರ್ಕಾರದ ಮಿತಿ, ಒಂದು ಘನ ಮೀಟರ್ ಗಾಳಿಗೆ ನೂರು ಮೈಕ್ರೋಗ್ರಾಂ.

ಈ ಸಲದ್ದು ಲಾರಿಗಳಿಗೆಂದೇ ಕಂಬಗಳ ಮೇಲೆ ಕಟ್ಟುವ ಮೇಲುರಸ್ತೆ, ಗೋದಾಮುಗಳಿಂದ ಹೆದ್ದಾರಿಗೆ. ಅದಕ್ಕೆ ಎರಡು ದಾರಿ ಗುರುತಿಸಿದ್ದರು. ಒಂದು ಕೆರೆಯಂಚಿನ ಹೊಸ ಬಡಾವಣೆಯ ಪಕ್ಕದಲ್ಲಿ, ಇನ್ನೊಂದು ಬಸ್ ಡಿಪೋ ಹಿಂದಿನ ಬೀದಿಯ ನೆತ್ತಿಯ ಮೇಲೆ. ಲಾರಿಯನ್ನೇ ಬಿಟ್ಟು ಸರಕನ್ನು ಹಳೆಯ ರೈಲು ಹಳಿಗೆ ಹಾಕುವ ಮೂರನೆಯ ಉಪಾಯವೂ ಕಾಗದದಲ್ಲಿತ್ತು. ಎರಡು ದಾರಿಯೂ ಆಗದಿದ್ದರೆ ಮಾತ್ರ ಅದನ್ನು ಪರಿಶೀಲಿಸುವುದು ಎಂದು ಬರೆದಿತ್ತು.

ಡಿಪೋ ಬೀದಿಯಲ್ಲಿ ಅವನ ಅಕ್ಕನ ಮನೆ. ಯಂತ್ರ ಹಗಲೂ ರಾತ್ರಿ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆಂದು ಆ ಬೀದಿಯ ಮೂರು ಮನೆಯವರು ತಾರಸಿ ಕೊಡಲು ಒಪ್ಪಲಿಲ್ಲ. ಅಕ್ಕ ಒಪ್ಪಿದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಗಳ ಸಮವಸ್ತ್ರ ಹೊಲಿಯುವವಳು ಅವಳು. ಬೆಳಿಗ್ಗೆ ಹೊಲಿದ ಬಿಳಿ ಅಂಗಿಯ ಕಾಲರು ಸಂಜೆಗೆ ಕಂದುತ್ತಿತ್ತು. ಹಾಗಾಗಿ ಕಿಟಕಿಗೆ ಒದ್ದೆ ಬೆಡ್‌ಶೀಟು, ಮಡಿಸಿಟ್ಟ ಅಂಗಿಗಳ ಮೇಲೆ ಇನ್ನೊಂದು. ತನ್ನ ಕೆಮ್ಮಿಗೆ ಮಾತ್ರ ಅವಳು ಯಾವ ಹೊದಿಕೆಯನ್ನೂ ಕಂಡುಕೊಂಡಿರಲಿಲ್ಲ.

ಮೊದಲ ಎರಡು ವಾರ ಯಂತ್ರ ತಾರಸಿಯ ಹಿಂಬದಿಯಲ್ಲಿ, ನೀರಿನ ತೊಟ್ಟಿಗೆ ಮೂರು ಮೀಟರ್ ದೂರದಲ್ಲಿತ್ತು. ವಾರಕ್ಕೆ ಎರಡರಂತೆ ನಾಲ್ಕು ಹಾಳೆ, ಸರಾಸರಿ ತೊಂಬತ್ತಮೂರು. ಐದನೆಯದನ್ನು ಹಾಕಲು ಹೋದ ದಿನ ಅಕ್ಕ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದಳು.

"ಎಷ್ಟು ಬಂತೋ?"

ಹೇಳುವಂತಿಲ್ಲ ಎಂದ. ಅಕ್ಕನಿಗೇ ಹೇಳದಂಥ ಸರ್ಕಾರದ ಗುಟ್ಟು ಅದೇನು ಎಂದು ಅವಳು ಮುಖ ನೋಡಿದಳು. ಅವನು ಹೇಳಿಬಿಟ್ಟ.

"ಅಂದ್ರೆ ನಾವು ಪಾಸು," ಎಂದಳು ಅಕ್ಕ. "ನಾನು ಕೆಮ್ಮೋದೆಲ್ಲ ನಾಟಕ ಅನ್ನು."

"ಹಾಗಲ್ಲ ಅಕ್ಕ..."

"ಹಿಂದ್ಗಡೆ ಮೂಲೇಲಿ ಇಟ್ರೆ ಅದಕ್ಕೇನು ಕಾಣ್ಸುತ್ತೆ? ಬಸ್ಸು ಓಡಾಡೋದು ಈ ಕಡೆ. ಮುಂದೆ ತಂದಿಡು. ನಾವು ಏನು ಕುಡೀತಿದೀವಿ ಅಂತ ಅವ್ರೂ ಒಂದ್ಸಲ ನೋಡ್ಲಿ. ನೋಡಿದ್ಮೇಲೂ ಇದರ ಮೇಲೆ ಲಾರಿ ಬಿಡ್ತಾರಾ?"

ಅವನಿಗೂ ಅದೇ ಸರಿ ಎನ್ನಿಸಿತು. ಈಗಾಗಲೇ ಮಿತಿ ಮೀರಿದ ಬೀದಿಗೆ ಯಾರಾದರೂ ಇನ್ನಷ್ಟು ಹೊಗೆ ತರುತ್ತಾರೆಯೇ? ಟೇಪು ತೆಗೆದು ಅಳೆದ. ಯಂತ್ರವನ್ನು ಬೀದಿಯ ಕಡೆಗೆ ಎಂಟು ಅಡಿ ಸರಿಸಿದರೂ ಗೋಡೆಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಎಂಬ ನಿಯಮ ಮುರಿಯುತ್ತಿರಲಿಲ್ಲ. ಅಕ್ಕ ಒಂದು ಕಡೆ ಹಿಡಿದಳು, ಅವನು ಇನ್ನೊಂದು ಕಡೆ. ದಾಖಲೆ ಹಾಳೆಯಲ್ಲಿ ಮೊದಲಿನಂತೆಯೇ "ಎರಡನೇ ಅಂತಸ್ತಿನ ತಾರಸಿ" ಎಂದು ಬರೆದ. ಅದು ಸುಳ್ಳಾಗಿರಲಿಲ್ಲ.

ಮುಂದಿನ ಇಪ್ಪತ್ತು ಹಾಳೆಗಳ ಸರಾಸರಿ ನೂರಹನ್ನೊಂದು ಬಂತು. ಒಟ್ಟು ಇಪ್ಪತ್ನಾಲ್ಕರದು ನೂರೆಂಟು.

ತಮ್ಮನ ಯಂತ್ರ ಬೀದಿಯ ಹೊಗೆ ಅಳೆಯುತ್ತಿದೆ ಎಂಬ ಸುದ್ದಿ ಆ ವಾರಗಳಲ್ಲೇ ಅಕ್ಕನ ಬಾಯಿಂದ ಬೀದಿಗೆ ಹೋಗಿತ್ತು; ಅಂಕಿಯನ್ನೂ ಸರಿಸಿದ್ದನ್ನೂ ಮಾತ್ರ, ಅವನು ಬೇಡವೆಂದಿದ್ದರಿಂದ, ಹೇಳಿರಲಿಲ್ಲ. ಟೈಲರಮ್ಮನ ತಮ್ಮ ಬಂದರೆ ಈಗ ಕೂರಲು ಕುರ್ಚಿ ಸಿಗುತ್ತಿತ್ತು. ಎದುರಿನ ಗ್ಯಾರೇಜಿನ ಮೆಕ್ಯಾನಿಕ್, ಬೇಕಿದ್ದರೆ ನಾಲ್ಕು ಡೀಸೆಲ್ ಗಾಡಿಗಳನ್ನು ಚಾಲೂ ಮಾಡಿಟ್ಟು ಸಹಾಯ ಮಾಡುತ್ತೇನೆ ಎಂದ. ಬೇಡ ಎಂದು ಅವನು ನಕ್ಕ. ಅಷ್ಟರಮಟ್ಟಿಗೆ ಅವನು ಪ್ರಾಮಾಣಿಕ.

ನಾಲ್ಕು ತಿಂಗಳ ನಂತರ ಶಾಲೆಯ ಸಭಾಂಗಣದಲ್ಲಿ ಅಹವಾಲು ಸಭೆ ನಡೆಯಿತು. ಅಕ್ಕ ಕಂದಿದ ಅಂಗಿಯೊಂದನ್ನು ಎತ್ತಿ ತೋರಿಸಿದಳು. ಅಧಿಕಾರಿ ತಲೆದೂಗಿ, ಬರೆದುಕೊಳ್ಳುವಂತೆ ಪಕ್ಕದವರಿಗೆ ಹೇಳಿದರು. ಆಮೇಲೆ, ಎಲ್ಲ ಅಂಶಗಳನ್ನೂ ತೂಗಿ ನೋಡಿ ಡಿಪೋ ಬೀದಿಯ ದಾರಿಯನ್ನೇ ಶಿಫಾರಸು ಮಾಡಲಾಗಿದೆ ಎಂದು ಓದಿದರು. ಕೂಗಾಟವಾಯಿತು. ಕೂಗಾಟವನ್ನೂ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಅವನು ಆಫೀಸಿನ ಕಪಾಟಿನಿಂದ ವರದಿ ತೆಗೆದು ಕೋಷ್ಟಕ ಹುಡುಕಿದ. ಹದಿನಾಲ್ಕು ವರ್ಷ ಅಂಕಿ ಕೊಟ್ಟವನು ಒಮ್ಮೆಯೂ ಅಂಕಿ ಎಲ್ಲಿಗೆ ಹೋಗುತ್ತದೆಂದು ಹಿಂಬಾಲಿಸಿರಲಿಲ್ಲ. ಕೆರೆಯಂಚು: ಈಗ ತೊಂಬತ್ತೊಂದು, ರಸ್ತೆಯಿಂದ ಹನ್ನೆರಡು ಸೇರಿ ನೂರಮೂರು. ಷರಾ: ಯೋಜನೆಯಿಂದಾಗಿ ಮಿತಿ ಮೀರುತ್ತದೆ, ಸೂಕ್ತವಲ್ಲ. ಡಿಪೋ ಬೀದಿ: ಈಗ ನೂರೆಂಟು, ಹನ್ನೆರಡು ಸೇರಿ ನೂರಿಪ್ಪತ್ತು. ಷರಾ: ಈಗಾಗಲೇ ಮಿತಿ ಮೀರಿದ್ದು, ಮೀರಿಕೆಗೆ ಯೋಜನೆ ಕಾರಣವಲ್ಲ. ಸೂಕ್ತ.

ಬೆರಳಿಟ್ಟುಕೊಂಡು ಮತ್ತೆ ಕೂಡಿದ. ತೊಂಬತ್ತಮೂರಕ್ಕೆ ಹನ್ನೆರಡು, ನೂರೈದು. ಯಂತ್ರ ಹಿಂದೆಯೇ ಇದ್ದಿದ್ದರೆ ಈ ದಾರಿಯೂ ಸೂಕ್ತವಲ್ಲ. ಎರಡೂ ಆಗದಿದ್ದರೆ ಲಾರಿಗಳ ಸರಕು ರೈಲಿಗೆ.

ವರದಿ ಬರೆಯುವ ಮೇಡಂ ಬಳಿಗೆ ಹೋಗಿ ನಿಂತೇ ಎಲ್ಲ ಹೇಳಿದ. ಅಕ್ಕನ ಮನೆ ಎಂಬುದನ್ನೂ, ಸರಿಸಿದ್ದನ್ನೂ. ಕೆಲಸ ಹೋಗುತ್ತದೆಂದು ಗೊತ್ತಿತ್ತು. ಅವರ ಮೇಜಿನತ್ತ ನಡೆಯುವಾಗಲೇ ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಮೇಡಂ ಪೂರ್ತಿ ಕೇಳಿಸಿಕೊಂಡು ನಿಯಮದ ಪುಸ್ತಕ ತೆರೆದರು.

"ಗೋಡೆಯಿಂದ ಎಷ್ಟಿತ್ತು?"

"ಎರಡೂವರೆ ಮೀಟರ್, ಮೇಡಂ."

"ಎತ್ತರ?"

"ಏಳು."

"ಎರಡೂ ಸರಿಯಾಗಿದೆಯಲ್ಲ. ಮತ್ತೆ ತಪ್ಪೆಲ್ಲಿ?"

"ಹಿಂದೆ ಇದ್ದಾಗ ತೊಂಬತ್ತಮೂರು ಬರ್ತಿತ್ತು ಮೇಡಂ. ಆ ನಾಲ್ಕನ್ನೇ ತಗೊಂಡ್ರೆ..."

"ಅದನ್ನೂ ಸೇರಿಸಿದ್ದೀವಲ್ಲ, ಸರಾಸರೀಲಿ." ಅವರ ದನಿಯಲ್ಲಿ ಕೋಪವೇನೂ ಇರಲಿಲ್ಲ. "ನೋಡಿ, ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ ಇದೆ, ಒಂದು ದಿನವೂ ತಪ್ಪಿಲ್ಲ. ಇಷ್ಟು ಅಚ್ಚುಕಟ್ಟಾಗಿ ಯಾರು ಕೊಡ್ತಾರೆ? ಆ ಬೀದಿ ಗಾಳಿ ನಿಜವಾಗ್ಲೂ ಕೆಟ್ಟಿದೆ. ನೀವು ನಿಜಾನೇ ಅಳೆದಿದ್ದೀರಿ. ಹೋಗಿ ಕೆಲಸ ನೋಡಿ."

ಗಲ್ಲಿಗೇರಲು ಸಿದ್ಧನಾಗಿ ಹೋದವನನ್ನು ಬೆನ್ನು ತಟ್ಟಿ ಕಳಿಸಿದಂತಾಯಿತು.

ಸಂಜೆ ಅಕ್ಕನ ಮನೆಗೆ ಹೋದ. ಅವಳು ಗುಂಡಿ ಹೊಲಿಯುತ್ತಿದ್ದಳು. ಅಂಕಿಗಳನ್ನು ಒಂದು ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದ. ಎಂಟನೇ ತರಗತಿಯವರೆಗೆ ಓದಿದ ಅವಳಿಗೆ ಕೂಡುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಮಾಸಿದ ಅಂಗಿ ಮೇಲೆ ಇನ್ನೊಂದು ಕಲೆ ಬಿದ್ರೆ ಕಲೆ ಅಲ್ಲ," ಎಂದಳು, ಅವನು ಷರಾ ಓದಿ ಮುಗಿಸುವ ಮೊದಲೇ. "ಹಾಗೆ ತಾನೆ?"

"ಹಾಗೇ."

ದಾರ ಹಲ್ಲಿನಿಂದ ಕಡಿದಳು. ಬಹಳ ಹೊತ್ತು ಕೆಮ್ಮಿದಳು. ಅವನು ನೀರು ತಂದುಕೊಟ್ಟ. ಕುಡಿದು ಲೋಟವನ್ನು ಬಟ್ಟೆಗಳಿಂದ ದೂರ ಇಟ್ಟಳು. ಬೈಯುತ್ತಾಳೆಂದು ಕಾದ. ಬೈದಿದ್ದರೆ ಅವನ ಎದೆ ಎಷ್ಟೋ ಹಗುರವಾಗುತ್ತಿತ್ತು.

"ಸರ್ಸು ಅಂದಿದ್ದು ನಾನು," ಎಂದಳು ಕೊನೆಗೆ. "ಅದನ್ನ ಯಾರ ಹತ್ರಾನೂ ಬಾಯಿ ಬಿಡ್ಬೇಡ. ನೀನು ಅಳೆದು ಮನೆಗೆ ಹೋಗ್ತೀಯ. ನಾನು ಈ ಬೀದೀಲೇ ಇರ್ಬೇಕು."

ಭಾವನಿಗೂ ಹೇಳುವುದು ಬೇಡವೇ ಎಂದು ಕೇಳಿದ. ಮೊದಲು ಅವರಿಗೇ ಹೇಳಬಾರದು ಎಂದಳು. ಆಮೇಲೆ ಇನ್ನೊಂದು ಅಂಗಿ ಎಳೆದುಕೊಂಡಳು.

ಮೆಟ್ಟಿಲಿಳಿದು ಬಂದಾಗ ಗ್ಯಾರೇಜಿನ ಮುಂದೆ ನಾಲ್ಕೈದು ಜನ ಸೇರಿದ್ದರು. ಮೇಲುರಸ್ತೆಯ ಕಂಬ ಎಲ್ಲಿ ಬರುತ್ತದೆ, ಯಾರ ಮೆಟ್ಟಿಲು ಹೋಗುತ್ತದೆ ಎಂಬ ಚರ್ಚೆ. ಅವನನ್ನು ಕಂಡು ಎಲ್ಲರೂ ತಿರುಗಿದರು. ಕುರ್ಚಿ ಇತ್ತು, ಯಾರೂ ಮುಂದಕ್ಕೆ ತಳ್ಳಲಿಲ್ಲ. ಮೆಕ್ಯಾನಿಕ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಹತ್ತಿರ ಬಂದ.

"ಏನ್ ಸಾರ್, ನಿಮ್ಮ ಮಿಶಿನ್ನು ಕೈ ಕೊಡ್ತಲ್ಲ. ಕಮ್ಮಿ ತೋರಿಸ್ತಾ? ನಾನು ಆವತ್ತೇ ಹೇಳ್ದೆ, ಗಾಡಿ ಚಾಲೂ ಮಾಡ್ತೀನಿ ಅಂತ. ನೀವು ಬೇಡ ಅಂದ್ರಿ."

ಉಳಿದವರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಮೇಲೆ ಕಿಟಕಿಯ ಹಿಂದೆ ಹೊಲಿಗೆ ಯಂತ್ರದ ಸದ್ದು ನಿಂತಿತ್ತು.

"ಹೌದು," ಎಂದ ಅವನು. "ಕಮ್ಮಿ ತೋರಿಸ್ತು."